ರಾಜನ ಕೊರಳಿಗೊಂದು ಅಂಕಿಗಳ ಹಾರ

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಎಂಬ ಹೆಸರಿನಲ್ಲಿಯೇ ದನ ಕೂಡುವ ದೊಡ್ಡಿಯುಂಟು. ದೊಡ್ಡಿಯ ಲೆಕ್ಕಕ್ಕೆ ನೂರಿನ್ನೂರು ಸಾಕು. ಕಣದ ಲೆಕ್ಕಕ್ಕೆ ಸಾವಿರ ಬೇಕಾದೀತು. ಹಾಗಾದರೆ ಅರ್ಬುದ, ಖರ್ವ, ಪದ್ಮ ಎಂಬ ಭಾರಿ ಸಂಖ್ಯೆಗಳು ನಮ್ಮ ಹಿರಿಯರಿಗೆ ಏತಕ್ಕೆ ಬೇಕಾದವು?

ಉತ್ತರಕ್ಕಾಗಿ ರಾಷ್ಟ್ರಕೂಟರ ಕಾಲಕ್ಕೆ ಹೋಗಬೇಕು. ಅಮೋಘವರ್ಷ ನೃಪತುಂಗನೆಂದೊಡನೆ ನಮಗೆ ನೆನಪಾಗುವುದು 'ಕವಿರಾಜಮಾರ್ಗ'. ಅದೇ ಅರಸನನ್ನು ಕೊಂಡಾಡಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ಕ್ರಿ.ಶ. 850ರ ಸುಮಾರಿಗೆ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದನು. ಬಹುಮಂದಿ ಶಾಸ್ತ್ರಕಾರರು ಪರಾರ್ಧದವರೆಗೆ 18 ಸ್ಥಾನಗಳನ್ನು ಹೇಳಿದರೆ, ಈತನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದನು. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ! ಲೋಕದ ವಿಸ್ತಾರವನ್ನೂ ಕಾಲದ ಉದ್ದವನ್ನೂ ಅಳೆಯಹೊರಟ ಜೈನರು ಸಂಖ್ಯೆಗಳನ್ನೇ ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿದ್ದರು. ಅಂಥ ಪರಂಪರೆಗೆ ದೊಡ್ಡಿಯ ಲೆಕ್ಕ ಸಾಲದು.

ಆದರೆ ಅಗತ್ಯವೊಂದೇ ಕಾರಣವಲ್ಲ, ಸಂತೋಷವೂ ಕಾರಣ. ನಾನು ಕನ್ನಡ ಪಾಠ ಹೇಳುವವನು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಗ್ರಂಥದ ಒಂದು ಸಂಖ್ಯೆ: 12345654321. ನಮ್ಮ ಎಣಿಕೆಯಲ್ಲಿ ಇದು 1,234 ಕೋಟಿ 56 ಲಕ್ಷ 54 ಸಾವಿರದ 321. ಆಚಾರ್ಯನು ಇದರ ಅಂಕಿಗಳನ್ನು ಒಂದೊಂದಾಗಿ ಹೇಳುವುದಿಲ್ಲ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವುದು ಎಂಬ ಲಕ್ಷಣವನ್ನು ಹೇಳುತ್ತಾನೆ, ಅಷ್ಟೆ. ಪ್ರತಿ ಮಾಡುವವನು ಎಲ್ಲಿಯಾದರೂ ಒಂದು ಅಂಕಿ ತಪ್ಪಿದರೆ ಸಂಖ್ಯೆಯೇ ಅದನ್ನು ತೋರಿಸಿಕೊಡುತ್ತದೆ. ಇದಕ್ಕಿಂತ ಭದ್ರವಾದ ಕಾವಲುಂಟೆ?

'ವಿಕಟಕವಿ' ಎಂಬ ಮಾತಿನಂತೆ ಇದನ್ನು ಎತ್ತಲಿಂದ ಓದಿದರೂ ಒಂದೇ. ಅದರೊಳಗೆ ಇನ್ನೂ ಸೊಗಸಿದೆ. ಇದು 111111ರ ವರ್ಗ. ಆ 111111 ಆದರೋ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಆದ್ದರಿಂದ ನಮ್ಮ ಸಂಖ್ಯೆಯಲ್ಲಿ ಪ್ರತಿಯೊಂದು ಅವಿಭಾಜ್ಯವೂ ಎರಡೆರಡು ಸಲ ಬರುತ್ತದೆ. 27994681ನ್ನು 441ರಿಂದ ಗುಣಿಸಿದರೂ ಇದೇ ದೊರೆಯುವುದು. ಅವೆರಡೂ ಕ್ರಮವಾಗಿ 5291 ಮತ್ತು 21ರ ವರ್ಗಗಳು. ಇಂಥ ಗುಣಲಬ್ಧಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. 12345679ನ್ನು 9ರಿಂದ ಗುಣಿಸಿ ನೋಡಿ: 111111111. ಒಂಬತ್ತು ಸಮಮುತ್ತುಗಳ ಈ ಸರ ಅರಸನ ಕೊರಳಿಗೆ ಒಪ್ಪುವಂಥದು.

1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಕನ್ನಡ ಅನುವಾದ ಹೊಂಬುಜದಿಂದ ಬಂದದ್ದು 2000ದಲ್ಲಿ. ಅಷ್ಟು ಕಾಲ ನಾವು ಒಬ್ಬನೇ ಅರಸನ ಎರಡು ಕೊಡುಗೆಗಳಲ್ಲಿ ಒಂದನ್ನು ಪೂಜಿಸಿ, ಇನ್ನೊಂದನ್ನು ಗಣಿತದವರಿಗೆ ಬಿಟ್ಟುಕೊಟ್ಟೆವು. ಪದ್ಯದಲ್ಲಿ ಲಕ್ಷಣ ಹೇಳಿ ಸಂಖ್ಯೆಯನ್ನು ಕಾಪಾಡಿದವನನ್ನು ಸಾಹಿತ್ಯದ ಪಂಕ್ತಿಯಿಂದ ಹೊರಗಿಡಲು ನಮಗೆ ಯಾವ ಹಕ್ಕಿದೆ? 'ಕವಿರಾಜಮಾರ್ಗ'ದ ಪಾಠ ಹೇಳುವ ದಿನ, ಕರಿಹಲಗೆಯ ಮೇಲೆ ಈ ಹನ್ನೊಂದು ಅಂಕಿಗಳನ್ನೂ ಬರೆಯಬೇಕು.