ಎಷ್ಟು ಸ್ಪ್ರಿಂಗ್ ಬೇಕು ಮಾರಾಯ?

ಮೊನ್ನೆ ಭಾನುವಾರ ತಂಗಿಯ ಮಗ ಮನೆಗೆ ಬಂದಿದ್ದ. ಚಹಾ ಕುಡೀತಾ, "ಮಾಮಾ, ಮೌಂಟನ್ ಬೈಕ್ ತಗೋತಿದೀನಿ. ಟ್ರಾವೆಲ್ 120 ಸಾಕಾ, 150 ಬೇಕಾ?" ಅಂದ. ನಾನು ಇಡೀ ಆಯುಷ್ಯ ಲೇತ್ ಮಷೀನಿನ ಮುಂದೆ ಕಳೆದವನು, ಅದಕ್ಕೇ ನನ್ನನ್ನು ಕೇಳಿದ್ದು. ಟ್ರಾವೆಲ್ ಅಂದರೆ ಪ್ರಯಾಣ ಅಲ್ಲ. ಕಲ್ಲೋ ಗುಂಡಿಯೋ ಸಿಕ್ಕಾಗ ಸೈಕಲ್ಲಿನ ಚಕ್ರ ಎಷ್ಟು ಮಿಲಿಮೀಟರ್ ಮೇಲೆ ಕೆಳಗೆ ಸರಿಯಬಲ್ಲದು ಅನ್ನೋ ಲೆಕ್ಕ.

ಥಟ್ಟನೆ ಉತ್ತರ ಕೊಡಲಿಲ್ಲ. ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು ನಾನು.

ನಾನು ಬೀದರ್ ಕಡೆಯವನು. 1984ರಲ್ಲಿ ಸನತ್‌ನಗರಕ್ಕೆ ಬಂದಾಗ ಆಟೋದವನಿಗೆ ಆಲ್ವಿನ್ ಅಂದರೆ ಸಾಕಿತ್ತು. 1942ರಲ್ಲಿ, ನಿಜಾಮರ ಕಾಲದಲ್ಲಿ ಶುರುವಾದ ಕಾರ್ಖಾನೆ (ಆಗ ನಮ್ಮ ಬೀದರೂ ಇದೇ ಸಂಸ್ಥಾನದಲ್ಲಿತ್ತು ನೋಡಿ). ಬಸ್ಸಿನ ಬಾಡಿ ಕಟ್ಟಿದರು, ಫ್ರಿಜ್ ಮಾಡಿದರು, ಕೈಗಡಿಯಾರ ಮಾಡಿದರು, ಪುಷ್ಪಕ್ ಅನ್ನೋ ಸ್ಕೂಟರೂ ಬಂತು. 1990ರ ದಶಕದಲ್ಲಿ ಎಲ್ಲ ಚದುರಿಹೋಯಿತು, ಫ್ರಿಜ್ ವೋಲ್ಟಾಸ್ ಪಾಲಾಯಿತು. ಅಲ್ಲಿ ಬಸ್ ವಿಭಾಗದಲ್ಲಿದ್ದ ನಮ್ಮ ಪಕ್ಕದ ಮನೆಯವರನ್ನು ಒಮ್ಮೆ ಕೇಳಿದ್ದೆ, ಖಾಲಿ ಬಸ್ಸು ಯಾಕೆ ಅಷ್ಟು ಕುಣಿಯುತ್ತೆ ಅಂತ. ಅವರು ನಕ್ಕು, "ಸ್ಪ್ರಿಂಗ್ ಪಟ್ಟಿ ಮಾಡೋದು ತುಂಬಿದ ಬಸ್ಸಿನ ಭಾರಕ್ಕೆ. ನೀವೊಬ್ಬರೇ ಕೂತರೆ ಅದು ಬಗ್ಗಲ್ಲ, ನೀವೇ ಹಾರಬೇಕು" ಅಂದಿದ್ದರು. ಈ ಮಾತು ನೆನಪಿಟ್ಟುಕೊಂಡಿದ್ದರೆ ಎಷ್ಟೋ ದುಡ್ಡು ಉಳೀತಿತ್ತು...

ಇರಲಿ. ಸೈಕಲ್ಲಿನ ಕಥೆಗೆ ಬರೋಣ.

ನಮ್ಮೂರಿನ ಕರಿ ಸೈಕಲ್ಲಿಗೆ ಸ್ಪ್ರಿಂಗ್ ಇದ್ದದ್ದು ಸೀಟಿನ ಕೆಳಗೆ ಮಾತ್ರ. ಉಳಿದ ಏಟನ್ನೆಲ್ಲ ತಡೆದದ್ದು ಗಾಳಿ ತುಂಬಿದ ಟೈರು. ಅದು ಡನ್ಲಪ್ 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಮಗನ ಟ್ರೈಸಿಕಲ್ಲಿಗಾಗಿ ಮಾಡಿದ ಉಪಾಯ. ಮೌಂಟನ್ ಬೈಕ್ ಹುಟ್ಟಿದ್ದೂ ಟೈರಿನ ಮೇಲೇ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸಿ ಪಂದ್ಯ ಆಡಿದರು. ಹಿಂದಕ್ಕೆ ತುಳಿದು ಬ್ರೇಕ್ ಹಾಕುವ ಸೈಕಲ್ಲು. ಇಳಿಯುವಷ್ಟರಲ್ಲಿ ಹಬ್ಬಿನ ಗ್ರೀಸ್ ಸುಟ್ಟುಹೋಗಿ ಮತ್ತೆ ತುಂಬಬೇಕಾಗಿತ್ತು. ಅದಕ್ಕೇ ಆ ದಾರಿಗೆ 'ರೀಪ್ಯಾಕ್' ಅಂತ ಹೆಸರು. ಅವರ ಬಳಿ ಟ್ರಾವೆಲ್ ಸೊನ್ನೆ. ಬಗ್ಗುತ್ತಿದ್ದದ್ದು ಮೊಣಕೈ, ಮೊಣಕಾಲು!

ಮುಂದೆ 1989ರಲ್ಲಿ ಪಾಲ್ ಟರ್ನರ್ ರಾಕ್‌ಶಾಕ್ಸ್ ಕಂಪನಿ ಶುರು ಮಾಡಿದರು. ಮೊದಲ ಫೋರ್ಕಿನ ಟ್ರಾವೆಲ್ ಸುಮಾರು 50 ಮಿ.ಮೀ., ಎರಡಂಗುಲ ಅಷ್ಟೇ. ಭಾರ, ದುಬಾರಿ ಅಂತ ಮೂಗು ಮುರಿದವರಿದ್ದರು. ಆದರೆ 1990ರಲ್ಲಿ ಅಮೆರಿಕದ ಡುರಾಂಗೋದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ಪಿನ ಇಳಿಜಾರಿನ ಪಂದ್ಯವನ್ನು ಗ್ರೆಗ್ ಹರ್ಬೋಲ್ಡ್ ಆ ಎರಡಂಗುಲದಲ್ಲೇ ಗೆದ್ದರು. ಆಮೇಲೆ ಶುರುವಾಯಿತು ನೋಡಿ ಅಂಗುಲಗಳ ಪೈಪೋಟಿ. ಮಾರ್ಜೋಕಿಯವರ ಸೂಪರ್ ಮಾನ್‌ಸ್ಟರ್ ಅನ್ನೋ ಫೋರ್ಕು 300 ಮಿ.ಮೀ.ಗೆ ಮುಟ್ಟಿತು. ಒಂದಡಿ ಉದ್ದ! ಆದರೆ ಗೆಲ್ಲಲು ಬಂದವರು ಅಷ್ಟು ದೂರ ಹೋಗಲಿಲ್ಲ. ಇಳಿಜಾರಿನ ಪಂದ್ಯದ ಸೈಕಲ್ಲು ಇವತ್ತಿಗೂ 200ರ ಆಸುಪಾಸು, ಕ್ರಾಸ್ ಕಂಟ್ರಿಯದು 100-120. ಟ್ರಾವೆಲ್ ಜಾಸ್ತಿಯಾದರೆ ಸೈಕಲ್ಲು ಭಾರವಾಗುತ್ತೆ, ಏರಿನಲ್ಲಿ ತುಳಿದ ಶಕ್ತಿಯಲ್ಲಿ ಸ್ವಲ್ಪ ಸ್ಪ್ರಿಂಗ್ ಅದುಮುವುದಕ್ಕೇ ಹೋಗುತ್ತೆ.

ನಾನು ಕೈ ಸುಟ್ಟುಕೊಂಡದ್ದು 2006ರಲ್ಲಿ. ಮಗನಿಗೆ ಸೈಕಲ್ಲೆಂದರೆ ಪ್ರಾಣ. ಹತ್ತಿರದ ಒಂದು ಅಂಗಡಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ದಪ್ಪ ಕೆಂಪು ಸ್ಪ್ರಿಂಗ್ ಇದ್ದ ಸೈಕಲ್ ತೋರಿಸಿದರು. ಆಸೆಯಿಂದ ಕೊಡಿಸಿದೆ. ಅದರಲ್ಲಿ ಇದ್ದದ್ದು ಬರೀ ಸ್ಪ್ರಿಂಗು. ಅದರ ಕುಣಿತವನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಇರಲಿಲ್ಲ. ಆ ಸ್ಪ್ರಿಂಗೂ ದೊಡ್ಡವರ ಭಾರಕ್ಕೆ ಮಾಡಿದ್ದು, ನಮ್ಮ ಹುಡುಗ ಮೂವತ್ತೈದು ಕೆ.ಜಿ. ಸಣ್ಣ ಕಲ್ಲಿಗೆ ಅದು ಬಗ್ಗುತ್ತಲೇ ಇರಲಿಲ್ಲ, ದೊಡ್ಡ ಗುಂಡಿಗೆ ಬಗ್ಗಿದರೆ ಅವನನ್ನೇ ಎತ್ತಿ ಒಗೆಯುತ್ತಿತ್ತು. ಖಾಲಿ ಬಸ್ಸಿನ ಕಥೆಯೇ. ಎರ್ರಗಡ್ಡದ ಏರು ಬಂದರೆ ಇಳಿದು ತಳ್ಳಿಕೊಂಡು ಬರುತ್ತಿದ್ದ. ಹಳೇ ಸೈಕಲ್ಲಿನಲ್ಲಿ ಇಡೀ ಕಾಲನಿ ಸುತ್ತುತ್ತಿದ್ದ ಹುಡುಗ ಒಂದು ವರ್ಷದೊಳಗೆ ಸವಾರಿಯನ್ನೇ ಬಿಟ್ಟ. ಬೇಸರ ಆಯಿತು ಅಂದ, ನಾನು ಸೋಮಾರಿ ಅಂತ ಬೈದೆ. ತಪ್ಪು ಸೈಕಲ್ಲಿನದು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಅವನು ಕಾರು ಕೊಂಡಿದ್ದ.

ಹಾಗಾಗಿ ಅಳಿಯನಿಗೆ ಮೊದಲು ಕೇಳಿದ್ದು, "ಎಲ್ಲಿ ಓಡಿಸ್ತೀಯಪ್ಪಾ?" ವಾರದ ದಿನ 2023ರಲ್ಲಿ ಆದ ಹೊರವರ್ತುಲ ರಸ್ತೆ ಪಕ್ಕದ ಸೋಲಾರ್ ಚಾವಣಿಯ ಸೈಕಲ್ ಪಥ. 23 ಕಿ.ಮೀ. ನುಣುಪು ದಾರಿ, ಅಲ್ಲಿ ಸ್ಪ್ರಿಂಗೇ ಬೇಡ. ರಜೆಯಲ್ಲಿ ವಿಕಾರಾಬಾದಿನ ಅನಂತಗಿರಿ ಗುಡ್ಡ: ಕಾಡುದಾರಿ, ಬೇರು, ಬಿಡಿಕಲ್ಲು. ಎತ್ತರದಿಂದ ಜಿಗಿಯೋ ಹುಚ್ಚು ಇಲ್ಲವಂತೆ. ಹಾಗಾದರೆ 120 ಧಾರಾಳ ಅಂದೆ. ಉಳಿದ ದುಡ್ಡು ಒಳ್ಳೇ ಡ್ಯಾಂಪರಿಗೆ, ದಪ್ಪ ಟೈರಿಗೆ ಹಾಕು. ಫೋರ್ಕಿನ ಗಾಳಿಯನ್ನು ನಿನ್ನ ತೂಕಕ್ಕೆ ಹೊಂದಿಸಿಕೋ, ಸುಮ್ಮನೆ ಕೂತರೆ ಕಾಲುಭಾಗ ಕುಸಿಯಬೇಕು, 30 ಮಿ.ಮೀ.

ಸೈಕಲ್ ಬಂತು. ಹೋದ ವಾರ ಅನಂತಗಿರಿಗೆ ಹೋಗಿ ಬಂದು ಸೀದಾ ನಮ್ಮ ಮನೆಗೇ ಬಂದ, ಮೈಯೆಲ್ಲ ಕೆಂಪು ಮಣ್ಣು. ಫೋರ್ಕಿನ ಕಂಬಕ್ಕೆ ಒಂದು ರಬ್ಬರ್ ಉಂಗುರ ಇರುತ್ತೆ, ಅತಿ ಹೆಚ್ಚು ಎಲ್ಲಿವರೆಗೆ ಬಗ್ಗಿತೋ ಅಲ್ಲೇ ನಿಲ್ಲುತ್ತೆ. ಕನ್ನಡಕ ಹಾಕಿಕೊಂಡು, ಸ್ಕೇಲ್ ಹಿಡಿದು ಅಳೆದೆ. 97 ಮಿ.ಮೀ.

ಮಗ ಒಳಗಿಂದ ಬಂದು ನೋಡಿದ. "ಒಂದು ರೌಂಡ್ ಹೋಗಿ ಬರ್ಲಾ?" ಅಂತ ಅವನನ್ನು ಕೇಳಿ, ಚಪ್ಪಲಿಯಲ್ಲೇ ಹತ್ತಿ ಹೊರಟ.