ಮಾನ್ಯವೂ ವಿಶ್ರಾಂತಿ ವೇತನವೂ

ಸೇವೆಯನ್ನು ಸಲ್ಲಿಸಿದವನಿಗೆ ಪ್ರಭುತ್ವವು ಕೊಡುವ ಜೀವನಾಧಾರದಿಂದ ಅದೇ ಪ್ರಭುತ್ವವು ತೆರಿಗೆಯನ್ನು ಎತ್ತಬಹುದೆ ಎಂಬ ಪ್ರಶ್ನೆಯು ಈಚಿನದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅದನ್ನು ವಿಚಾರಿಸಲು ತಕ್ಕ ಸಾಧನವೊಂದು ಬೆಂಗಳೂರಿನ ದಕ್ಷಿಣ ಭಾಗದಲ್ಲಿಯೇ ದೊರೆತಿದೆ. ಅದು ಸಾವಿರ ವರ್ಷಗಳಿಗೂ ಹಿಂದಿನದು.

ಇಂದಿನ ಬಿ.ಟಿ.ಎಂ. ಬಡಾವಣೆಗೆ ದಕ್ಷಿಣದಲ್ಲಿರುವ ಬೇಗೂರು ಗಂಗರ ಕಾಲದಲ್ಲಿ ಬೆಂಪೂರೆಂದು ಹೆಸರಾಗಿದ್ದು, ಹನ್ನೆರಡು ಹಳ್ಳಿಗಳ ವಿಭಾಗವೊಂದಕ್ಕೆ ಮುಖ್ಯಸ್ಥಳವಾಗಿದ್ದಿತು. ಅಲ್ಲಿಯ ವೀರಗಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯೊಡನೆ ಕಾದಿ ಮಡಿದನೆಂದೂ, ಅದನ್ನು ಕೇಳಿದ ಎರೆಯಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದೂ ಅದರಿಂದ ತಿಳಿಯುತ್ತದೆ.

ಕಲ್ನಾಡು ವಿಶ್ರಾಂತಿ ವೇತನವಲ್ಲವೆಂಬುದು ನಿಜ. ಅದು ಪರಾಕ್ರಮಕ್ಕೂ ಪದವಿಗೂ ಸಂದ ದತ್ತಿ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಬಿಡುತ್ತಿದ್ದ ನೆತ್ತರುಗೊಡಗೆಯು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ಇವುಗಳ ಸ್ವರೂಪವನ್ನು ಪರಿಶೀಲಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಊರನ್ನು ಕೊಡುವುದೆಂದರೆ ಬಹುಮಟ್ಟಿಗೆ ಆ ಊರಿನ ಸಿದ್ಧಾಯ ಸುಂಕಗಳನ್ನೇ ಕೊಡುವುದು. ತೆರಿಗೆಯೇ ವೇತನವಾಗಿರುವಲ್ಲಿ ವೇತನದ ಮೇಲೆ ತೆರಿಗೆಯೆಂಬ ಮಾತಿಗೆ ಅರ್ಥವಿರಲಿಲ್ಲ. ಮುಂದಿನ ಕಾಲದಲ್ಲಿ ಪೂರ್ತಿ ವಿನಾಯಿತಿಯುಳ್ಳ ಸರ್ವಮಾನ್ಯವೆಂದೂ, ಅಲ್ಪ ಕಂದಾಯವನ್ನು ಸಲ್ಲಿಸಬೇಕಾದ ಜೋಡಿಯೆಂದೂ ಭೇದವು ಬೆಳೆಯಿತು. ಮೈಸೂರು ದೇಶದಲ್ಲಿ ಈ ವ್ಯವಸ್ಥೆಯು 1954ರ ಇನಾಂ ರದ್ದಿಯಾತಿ ಶಾಸನದವರೆಗೂ ಉಳಿದು ಬಂದಿತು.

ಈ ವಿನಾಯಿತಿಯು ಪ್ರಭುವಿನ ಪ್ರಸಾದವಾಗಿದ್ದಿತೆಂಬುದನ್ನು ಮರೆಯಲಾಗದು. ದತ್ತಿಯನ್ನು ಅಪಹರಿಸಿದವನಿಗೆ ಮಹಾಪಾತಕವು ತಟ್ಟುವುದೆಂದು ಶಾಸನಗಳ ಕೊನೆಯಲ್ಲಿ ಬರೆಯಿಸುತ್ತಿದ್ದುದೇ ಅದನ್ನು ಕಿತ್ತುಕೊಳ್ಳುವವರೂ ಇದ್ದರೆಂಬುದಕ್ಕೆ ಸಾಕ್ಷಿ.

ನಮ್ಮ ಕಾಲದಲ್ಲಿ ನಡೆದುದು ಇದರ ವಿಪರ್ಯಾಸ. ಡಿ. ಎಸ್. ನಕಾರಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1982ನೆಯ ಡಿಸೆಂಬರ್ 17ರಂದು, ವಿಶ್ರಾಂತಿ ವೇತನವು ದಯಾದತ್ತಿಯಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲತಕ್ಕ ಪಾವತಿ ಎಂದು ತೀರ್ಮಾನಿಸಿತು. ಪ್ರಸಾದವು ಹಕ್ಕಾಯಿತು. ಆದರೆ 1961ರ ಆದಾಯ ತೆರಿಗೆ ಶಾಸನವು ಅದಕ್ಕೂ ಮೊದಲೇ ವಿಶ್ರಾಂತಿ ವೇತನವನ್ನು ಸಂಬಳದಲ್ಲಿಯೇ ಸೇರಿಸಿದ್ದಿತು. ದುಡಿಮೆಯ ಫಲವೆಂದಾದ ಮೇಲೆ ದುಡಿಮೆಯ ಇತರ ಫಲಗಳಂತೆ ಅದೂ ತೆರಿಗೆಗೆ ಒಳಗಾಗತಕ್ಕದ್ದೆಂಬ ವಾದಕ್ಕೆ ಉತ್ತರವು ಸುಲಭವಲ್ಲ.

ಆದರೂ ಹಳೆಯ ಮಾನ್ಯದ ಭಾವನೆಯು ಪೂರ್ತಿಯಾಗಿ ಅಳಿಯಲಿಲ್ಲ. ಸರ್ಕಾರಿ ನೌಕರನು ವಿಶ್ರಾಂತಿ ವೇತನದ ಒಂದಂಶವನ್ನು ಇಡುಗಂಟಾಗಿ ಪಡೆದರೆ ಆ ಗಂಟನ್ನು 1961ರ ಶಾಸನವು ತೆರಿಗೆಯಿಂದ ಬಿಟ್ಟಿತು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು ಪಡೆದ ಸರ್ಕಾರಿ ಸೇವಕರ ವಿಶ್ರಾಂತಿ ವೇತನಕ್ಕೂ, ಸೇನಾ ಕಾರ್ಯಾಚರಣೆಯಲ್ಲಿ ಮಡಿದವರ ಪತ್ನಿಗೂ ಮಕ್ಕಳಿಗೂ ಸಲ್ಲುವ ಕುಟುಂಬ ವೇತನಕ್ಕೂ ಅದೇ ಶಾಸನದಲ್ಲಿ ಪೂರ್ಣ ವಿನಾಯಿತಿಯು ಸೇರಿತು. ಎರಡನೆಯದು ನೆತ್ತರುಗೊಡಗೆಯೇ ಅಲ್ಲದೆ ಮತ್ತೇನು? ಮುಪ್ಪಿಗೆಂದು ಇಟ್ಟ ರಿಯಾಯಿತಿಯಾದರೋ ಬೇರೆ ಬಗೆಯದು. ಅರುವತ್ತು ತುಂಬಿದವರಿಗೆ 3 ಲಕ್ಷ, ಎಂಬತ್ತು ತುಂಬಿದವರಿಗೆ 5 ಲಕ್ಷ ರೂಪಾಯಿಗಳವರೆಗೆ ತೆರಿಗೆಯಿಲ್ಲದ ಮಿತಿಯು ಏರ್ಪಟ್ಟಿದ್ದಿತು. 2020ರಲ್ಲಿ ಬಂದ ಪರ್ಯಾಯ ಕ್ರಮವು ವಯಸ್ಸಿಗೆಂದು ಬೇರೆ ಮಿತಿಯನ್ನು ಇಡಲಿಲ್ಲ.

ಹೀಗೆ ಬೆಂಪೂರಿನ ಇರುಗನು ಪಡೆದುದು ತೆರಿಗೆಯನ್ನೇ ಒಳಗೊಂಡ ದತ್ತಿಯಾದರೂ ಅದು ಒಡೆಯನ ಪ್ರಸನ್ನತೆಯನ್ನು ಅವಲಂಬಿಸಿದ್ದಿತು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ನಿವೃತ್ತ ಸರ್ಕಾರಿ ನೌಕರನಿಗೆ ದೊರೆತಿರುವುದು ತೆರಿಗೆಯನ್ನು ಕಳೆದು ಉಳಿದದ್ದು. ಆದರೆ ಅದು ನ್ಯಾಯಸ್ಥಾನದಲ್ಲಿ ನಿಂತು ಕೇಳಬಹುದಾದ ಹಕ್ಕು. ಮುಪ್ಪಿನ ತೆರಿಗೆಯನ್ನು ಕುರಿತು ಚರ್ಚಿಸುವವರು ಮಾನ್ಯದ ಲಾಭವನ್ನು ಮಾತ್ರವಲ್ಲದೆ, ಅದಕ್ಕೆ ತೆರಬೇಕಾಗಿದ್ದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.