ತರಗತಿಯಲ್ಲಿ ವಿಕಿ: ವಿದ್ಯಾರ್ಥಿಗಳೇ ವಿಶ್ವಕೋಶ ಬರೆಯುವಾಗ

ಓದುವವರೇ ತಿದ್ದಬಹುದಾದ ಮೊದಲ ವಿಕಿ ತಾಣವನ್ನು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್‌ನಲ್ಲಿ ಶುರು ಮಾಡಿದರು. ಅದನ್ನು ಬಳಸುತ್ತಿದ್ದವರು ಪ್ರೋಗ್ರಾಮರುಗಳು. 2001ರಲ್ಲಿ ಅದೇ ಬಗೆಯ ತಂತ್ರಾಂಶದ ಮೇಲೆ ವಿಕಿಪೀಡಿಯ ಹುಟ್ಟಿತು. ಕನ್ನಡ ವಿಕಿಪೀಡಿಯ ಬಂದದ್ದು 2003ರಲ್ಲಿ. ಶಾಲೆ ಕಾಲೇಜುಗಳ ಪಾಲಿಗೆ ಮಾತ್ರ ವಿಕಿಪೀಡಿಯ ಬಹುಕಾಲ ಅಸೈನ್‌ಮೆಂಟ್ ನಕಲು ಮಾಡುವ ಜಾಗವಾಗಿಯೇ ಉಳಿಯಿತು. ಅಲ್ಲಿಂದ ಎತ್ತಿಕೊಳ್ಳುವ ಬದಲು ಅಲ್ಲಿಗೆ ಬರೆದುಕೊಡುವುದನ್ನೇ ಪಾಠದ ಭಾಗವಾಗಿಸಿದರೆ ವಿದ್ಯಾರ್ಥಿ ಬೇರೆಯದೇ ಕಲಿಕೆಗೆ ಇಳಿಯುತ್ತಾನೆ. ಅಚ್ಚಾದ ಮಾತನ್ನು ನಂಬುವ ಮುನ್ನ ‘ಇದನ್ನು ಹೇಳಿದವರು ಯಾರು, ಎಲ್ಲಿ?’ ಎಂದು ಕೇಳುವುದು ಅವನಿಗೆ ರೂಢಿಯಾಗುತ್ತದೆ.

ಪುಟದ ಹಿಂದೆ ಇರುವುದು

ಓದುಗನಿಗೆ ಕಾಣುವುದು ಲೇಖನ ಮಾತ್ರ. ಶಿಕ್ಷಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಹಿಂದಿನ ಮೂರು ಸಂಗತಿಗಳು. ‘ಇತಿಹಾಸ’ದಲ್ಲಿ ಯಾರು, ಯಾವ ಹೊತ್ತಿನಲ್ಲಿ, ಯಾವ ಪದವನ್ನು ಬದಲಿಸಿದರು ಎಂಬುದೆಲ್ಲ ಉಳಿದಿರುತ್ತದೆ. ‘ಚರ್ಚೆ’ ಪುಟದಲ್ಲಿ ಆ ಬದಲಾವಣೆ ಸರಿಯೇ ಎಂಬ ವಾದ ನಡೆಯುತ್ತದೆ. ‘ಪ್ರಯೋಗಪುಟ’ ಪ್ರತಿ ಬಳಕೆದಾರನ ಕರಡು ಹಾಳೆ. ಅಲ್ಲಿ ಎಷ್ಟು ತಪ್ಪಿದರೂ ಲೇಖನಕ್ಕೆ ಧಕ್ಕೆಯಿಲ್ಲ. ಇಡೀ ಸಮುದಾಯಕ್ಕೆ ಸೇರಿದ ವಿಷಯಗಳನ್ನು ಕನ್ನಡ ವಿಕಿಪೀಡಿಯದಲ್ಲಿ ‘ಅರಳಿ ಕಟ್ಟೆ’ ಎಂಬ ಪುಟದಲ್ಲಿ ಮಾತಾಡಿಕೊಳ್ಳುತ್ತಾರೆ.

ಪುಣೆಯ ಪಾಠ

2011ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಪುಣೆಯ ಕೆಲವು ಕಾಲೇಜುಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೂ ಮುಂಚೆ ನಡೆದಿದ್ದ ಕಾರ್ಯಕ್ರಮವೇ ಇದಕ್ಕೆ ಮಾದರಿ. ಎಂಜಿನಿಯರಿಂಗ್ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯಬೇಕಿತ್ತು. ಪಠ್ಯಪುಸ್ತಕ ಮತ್ತು ಅಂತರಜಾಲದಿಂದ ಇಡಿಯಾಗಿ ನಕಲಾದ ಪುಟಗಳು ಒಂದರ ಹಿಂದೊಂದು ಬಂದವು. ಅವನ್ನು ಹುಡುಕಿ ಅಳಿಸುವ ಹೊರೆ ಅಲ್ಲಿನ ಸ್ವಯಂಸೇವಕ ಸಂಪಾದಕರ ಮೇಲೆ ಬಿತ್ತು. ಆ ವರ್ಷ ಮುಗಿಯುವುದರೊಳಗೆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ವಿದ್ಯಾರ್ಥಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಅವರಿಗೆ ನೆರವಾಗಲು ನೇಮಿಸಿದ್ದ ಕ್ಯಾಂಪಸ್ ರಾಯಭಾರಿಗಳಲ್ಲಿ ಹೆಚ್ಚಿನವರು ವಿಕಿ ಸಂಪಾದನೆಗೆ ತಾವೇ ಹೊಸಬರು. ಒಂದು ಸಾಲು ಬರೆದು ಅಭ್ಯಾಸವಾಗುವ ಮೊದಲೇ ತರಗತಿಗಳ ಸಂಖ್ಯೆ ಏರಿತ್ತು. ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಒಪ್ಪಿಸಿದವರಿಗೆ ಪೂರ್ಣ ಅಂಕ ಕೊಟ್ಟು ಬೆಳೆಸಿದ ನಮ್ಮ ಪದ್ಧತಿಯ ಪಾಲೂ ಇದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಕಲು ತಪ್ಪೆಂದು ಒಂದು ಕಾರ್ಯಾಗಾರದಲ್ಲಿ ಹೇಳಿದ ಮಾತ್ರಕ್ಕೆ ಹನ್ನೆರಡು ವರ್ಷದ ರೂಢಿ ಹೋಗುವುದಿಲ್ಲ.

ಬೆಂಗಳೂರಿನಲ್ಲಿ, ಕನ್ನಡದಲ್ಲಿ

2013ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಇಂಥದೇ ಕೆಲಸ ಬೇರೆ ದಾರಿಯಲ್ಲಿ ಆರಂಭವಾಯಿತು. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯ ನೆರವಿನಿಂದ ಪದವಿ ವಿದ್ಯಾರ್ಥಿಗಳು ತಮ್ಮ ಭಾಷಾ ವಿಷಯದ ಅಂಗವಾಗಿ ಕನ್ನಡ ಮತ್ತಿತರ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಬರೆದರು. ಕರಡು ಮೊದಲು ಪ್ರಯೋಗಪುಟದಲ್ಲಿ ಸಿದ್ಧವಾಗಬೇಕಿತ್ತು.

ಕನ್ನಡದಲ್ಲಿ ಬರೆಸುವುದರಿಂದ ಒಂದು ದೊಡ್ಡ ಲಾಭವಿದೆ. ಇಂಗ್ಲಿಷಿನಲ್ಲಿ ಹೆಚ್ಚಿನ ವಿಷಯಗಳಿಗೆ ಲೇಖನ ಆಗಲೇ ಇದೆ. ಕನ್ನಡದಲ್ಲಿ ಖಾಲಿ ಜಾಗ ಬೇಕಾದಷ್ಟಿದೆ. ತೊಡಕೂ ಇದೆ. ಇಂಗ್ಲಿಷ್ ಪುಟವನ್ನು ಯಂತ್ರಾನುವಾದಕ್ಕೆ ಕೊಟ್ಟು ತಂದು ಅಂಟಿಸುವುದು ಬಲು ಸುಲಭ. ಅಂಥ ವಾಕ್ಯವನ್ನು ಗಟ್ಟಿಯಾಗಿ ಓದಿಸಿದರೆ ಸಾಕು, ಅದು ಕನ್ನಡವಲ್ಲ ಎಂದು ತರಗತಿಯೇ ಹೇಳುತ್ತದೆ.

ವಿಷಯದ ಆಯ್ಕೆಯಲ್ಲಿ ಎಚ್ಚರ ಬೇಕು. ‘ನಮ್ಮೂರಿನ ಕೆರೆ’ ಎಂದು ಎಲ್ಲರೂ ಬರೆಯಬಯಸುತ್ತಾರೆ. ಆದರೆ ಪ್ರಕಟಿತ ಆಧಾರವಿಲ್ಲದ ಮಾತಿಗೆ ವಿಕಿಪೀಡಿಯದಲ್ಲಿ ಜಾಗವಿಲ್ಲ. ಇಲ್ಲಿ ಗ್ರಂಥಾಲಯದ ದಾರಿ ತೆರೆದುಕೊಳ್ಳುತ್ತದೆ. ಬಿ. ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳನ್ನು ಜಿಲ್ಲೆ, ತಾಲ್ಲೂಕುವಾರು ಜೋಡಿಸಲಾಗಿದೆ. ತನ್ನ ತಾಲ್ಲೂಕಿನ ಪುಟ ತೆರೆದು ಊರಿನ ಶಾಸನವನ್ನು ಹುಡುಕಿದ ವಿದ್ಯಾರ್ಥಿಗೆ ಲೇಖನವೂ ಸಿಗಬಹುದು, ಊರಿನ ಹಳೆಯ ಹೆಸರೂ ಸಿಗಬಹುದು.

ವಿಕಿಸೋರ್ಸ್: ಪ್ರೂಫ್ ತಿದ್ದುತ್ತಾ ಕಲಿಯುವುದು

ಸ್ವಂತ ಬರವಣಿಗೆಗೆ ಅಳುಕುವವರಿಗೆ ವಿಕಿಪೀಡಿಯದ ಸೋದರ ತಾಣ ವಿಕಿಸೋರ್ಸ್ ಒಳ್ಳೆಯ ಆರಂಭ. ಕೃತಿಸ್ವಾಮ್ಯ ಮುಗಿದ ಅಥವಾ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ ಪುಸ್ತಕಗಳನ್ನು ಅಲ್ಲಿ ಪುಟಪುಟವಾಗಿ ಪಠ್ಯರೂಪಕ್ಕೆ ತರುತ್ತಾರೆ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಕೃತಿ ಎಲ್ಲರದಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ಈ ಕೆಲಸಕ್ಕೆ ಸಿಕ್ಕ ದೊಡ್ಡ ಕೊಡುಗೆ.

ಪುಟದ ಒಂದು ಬದಿಗೆ ಪುಸ್ತಕದ ಚಿತ್ರ, ಇನ್ನೊಂದು ಬದಿಗೆ ಯಂತ್ರ ಓದಿದ ಪಠ್ಯ ಇರುತ್ತದೆ. ಯಂತ್ರ ಒತ್ತಕ್ಷರದಲ್ಲಿ ಎಡವುತ್ತದೆ, ಅರ್ಕಾವೊತ್ತನ್ನು ತಪ್ಪಾಗಿ ಓದುತ್ತದೆ, ಅನುಸ್ವಾರದ ಜಾಗದಲ್ಲಿ ಸೊನ್ನೆ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ. ಹುಡುಕು ಯಂತ್ರಕ್ಕೆ ಬೇರೆ ಬೇರೆ. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಎರಡನೆಯವರು ಪರಿಶೀಲಿಸಿದ್ದು ಹಸಿರು. ಹಳದಿ ಮಾಡಿದವರೇ ಅದನ್ನು ಹಸಿರು ಮಾಡುವಂತಿಲ್ಲ. ಇಬ್ಬರು ವಿದ್ಯಾರ್ಥಿಗಳು ಒಬ್ಬರ ಕೆಲಸವನ್ನೊಬ್ಬರು ಓದಲೇಬೇಕಾದ ಈ ನಿಯಮ ಕನ್ನಡ ಕಾಗುಣಿತ ಕಲಿಸಲು ನಾನು ಕಂಡ ಅತ್ಯುತ್ತಮ ಉಪಾಯ.

ಲ್ಯಾಬಿಗೆ ಹೋಗುವ ಮುನ್ನ

ಒಂದೇ ಇಂಟರ್ನೆಟ್ ವಿಳಾಸದಿಂದ ದಿನಕ್ಕೆ ಆರು ಖಾತೆಗಳನ್ನಷ್ಟೇ ತೆರೆಯಲು ವಿಕಿಪೀಡಿಯ ಬಿಡುತ್ತದೆ. ನಲವತ್ತು ಮಕ್ಕಳ ತರಗತಿ ಏಳನೆಯ ಖಾತೆಗೇ ನಿಂತುಬಿಡುತ್ತದೆ. ಮನೆಯಿಂದಲೇ ಖಾತೆ ತೆರೆದು ಬರಲು ಹೇಳಬೇಕು, ಇಲ್ಲವೇ ಮುಂಚಿತವಾಗಿ ವಿನಾಯಿತಿ ಕೋರಬೇಕು. ನಿಜ ಹೆಸರು ಬೇಕಿಲ್ಲ. ಚಿಕ್ಕವರು ಕಾವ್ಯನಾಮ ಇಟ್ಟುಕೊಳ್ಳುವುದೇ ಕ್ಷೇಮ. ಶಾಲೆಯ ಹೆಸರು, ಫೋನ್ ನಂಬರು ಬಳಕೆದಾರ ಪುಟದಲ್ಲಿ ಬರಬಾರದು. ಟೈಪಿಂಗಿಗೆ ಲಿಪ್ಯಂತರ, ಇನ್‌ಸ್ಕ್ರಿಪ್ಟ್ ಮುಂತಾದ ವಿನ್ಯಾಸಗಳು ತಾಣದಲ್ಲೇ ಇವೆ. ಕಂಟ್ರೋಲ್ ಮತ್ತು ಎಂ ಕೀಲಿ ಒತ್ತಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಬಹುದು.

ಅಂಕದ ಮಾತು. ಲೇಖನದ ಉದ್ದಕ್ಕೆ ಅಂಕ ಕೊಟ್ಟರೆ ನಕಲು ಬರುತ್ತದೆ. ಲೇಖನ ಅಳಿಸಿಹೋದರೆ ಸೊನ್ನೆ ಎಂದರೆ ವಿದ್ಯಾರ್ಥಿ ಸಂಪಾದಕರೊಡನೆ ಜಗಳಕ್ಕಿಳಿಯುತ್ತಾನೆ. ಪ್ರಯೋಗಪುಟದ ಇತಿಹಾಸ ತೆರೆದು ಮೊದಲ ಕರಡಿಗೂ ಕೊನೆಯದಕ್ಕೂ ಏನು ಬದಲಾಯಿತು, ಎಷ್ಟು ಆಧಾರಗಳು ಸೇರಿದವು, ಚರ್ಚೆ ಪುಟದಲ್ಲಿ ಬಂದ ಆಕ್ಷೇಪಕ್ಕೆ ಏನು ಉತ್ತರಿಸಿದ ಎಂಬುದನ್ನು ನೋಡಿ ಅಂಕ ಹಾಕಬೇಕು. ಅದಕ್ಕೆ ಶಿಕ್ಷಕರು ಮೊದಲು ತಾವೇ ಒಂದು ಲೇಖನ ಬರೆದಿರಬೇಕು.